ಹಳೇ ಹುಲ್ಲು ಮಷಿನ್ನು ಕೊಳ್ಳುವಾಗ ಮೊದಲು ಬ್ಲೇಡು ನೋಡಿ

ನಮ್ಮ ಶಿರಾ, ಪಾವಗಡದ ಕಡೆ ಹುಬ್ಬೆ, ಉತ್ತರೆ ಮಳೆ ಕೈಹಿಡಿದರೆ ಬದುವಿನ ಹುಲ್ಲು ಹದಿನೈದು ದಿನದಲ್ಲಿ ಮೊಣಕಾಲು ಮುಟ್ಟುತ್ತದೆ. ಅದೇ ಹೊತ್ತಿಗೆ ರಾಗಿ ಕಳೆ, ಕಡ್ಲೆಕಾಯಿ ಕಳೆ. ಬದುವಿಗೆ ಅಂತ ಆಳು ಕರೆದರೆ ಯಾರೂ ಬರೋಲ್ಲ. ಹಾಗಂತ ಬಿಟ್ಟರೆ ಹುಲ್ಲು ಬೀಜ ಕಟ್ಟಿ ಉದುರಿ ಮುಂದಿನ ವರ್ಷ ಹೊಲದ ಒಳಗೇ ಹುಟ್ಟುತ್ತದೆ. ಬೇರು ಸಮೇತ ಕಿತ್ತರೆ ಬದುವೇ ಕೊಚ್ಚಿಹೋಗುತ್ತದೆ. ಬುಡ ಬಿಟ್ಟು ಮೇಲೆ ಕೊಯ್ದರೆ ಮಣ್ಣೂ ಉಳಿಯಿತು, ದನಕ್ಕೆ ಹಸಿ ಹುಲ್ಲೂ ಆಯಿತು. ಈ ಕೆಲಸಕ್ಕೆ ಭುಜಕ್ಕೆ ಹಾಕಿಕೊಂಡು ಓಡಿಸುವ ಹುಲ್ಲು ಮಷಿನ್ನು, ಅಂಗಡಿಯವರು ಬ್ರಷ್ ಕಟರ್ ಅಂತಾರಲ್ಲ ಅದು, ಈಗ ನಮ್ಮ ಹಳ್ಳಿಗಳಿಗೂ ಬಂದಿದೆ.

ಹೊಸದು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಮಲೆನಾಡಿನ ಅಡಿಕೆ ತೋಟದವರು ನಾಲ್ಕೈದು ವರ್ಷ ದುಡಿಸಿ ಮಾರಿದ್ದನ್ನು ನಮ್ಮವರು ತರುತ್ತಾರೆ. ನಾನು ತಂದು ಇದು ಆರನೇ ವರ್ಷ. ಕೊಟ್ಟದ್ದು 6,500 ರೂಪಾಯಿ. ಇವತ್ತಿಗೂ ದುಡಿಯುತ್ತಿದೆ. ಅಂದಿನಿಂದ ಊರಲ್ಲಿ ಯಾರು ಹಳೇ ಮಷಿನ್ನು ಕೊಳ್ಳಲು ಹೊರಟರೂ "ನೀವೂ ಬನ್ನಿ ಅಣ್ಣ" ಅಂತ ಕರೆದುಕೊಂಡು ಹೋಗುತ್ತಾರೆ. ಹೀಗೆ ಹತ್ತು ಹನ್ನೆರಡು ಮಷಿನ್ನು ಬಿಚ್ಚಿ ನೋಡಿದ್ದೇನೆ. ಕೊಳ್ಳುವವರೆಲ್ಲ ಕೇಳುವುದು ಒಂದೇ, ಹಗ್ಗ ಎಳೆದರೆ ಎಷ್ಟನೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ ಅಂತ. ಕೆಳಗಿನ ಬ್ಲೇಡನ್ನು ಬಗ್ಗಿ ನೋಡುವವರು ಕಡಿಮೆ. ಹುಲ್ಲು ಕೊಯ್ಯುವುದು ಬ್ಲೇಡು, ಕಾಲು ಕೊಯ್ಯುವುದೂ ಅದೇ. ಇಂಜಿನ್ ಕೆಟ್ಟರೆ ರಿಪೇರಿ ಖರ್ಚು ಬರುತ್ತದೆ. ಬ್ಲೇಡು ಕೆಟ್ಟರೆ ಆಸ್ಪತ್ರೆ ಖರ್ಚು ಬರುತ್ತದೆ.

ಗಾಲಿ ಮಷಿನ್ನು ನಮಗಲ್ಲ

ಬೆಂಗಳೂರಿನ ಬಡಾವಣೆಗಳಲ್ಲಿ ಹುಲ್ಲುಹಾಸು ಕತ್ತರಿಸುವ ಗಾಲಿ ಮಷಿನ್ನು ಹಳೇದು ಅಗ್ಗಕ್ಕೆ ಸಿಗುತ್ತದೆ ಅಂತ ಕೆಲವರು ಅದನ್ನೂ ತರುವುದುಂಟು. ಅದರ ಬ್ಲೇಡು ಒಂದು ಉದ್ದ ಪಟ್ಟಿ, ಹೆಚ್ಚಿನವುಗಳಲ್ಲಿ ಇಂಜಿನ್ನಿನ ಶಾಫ್ಟಿಗೇ ನೇರವಾಗಿ ಬೋಲ್ಟು ಹಾಕಿರುತ್ತಾರೆ. ಸಮತಟ್ಟು ನೆಲದಲ್ಲಿ ಮೆತ್ತನೆ ಹುಲ್ಲಿಗೆ ಅದು ಬಹಳ ಚೆಂದ. ನಮ್ಮ ಹೊಲದಲ್ಲಿ ಮುಷ್ಟಿ ಗಾತ್ರದ ಒಂದು ಕಲ್ಲಿಗೆ ಹೊಡೆದರೆ ಪೆಟ್ಟು ಸೀದಾ ಶಾಫ್ಟಿಗೆ ಹೋಗುತ್ತದೆ. ಅದೃಷ್ಟ ಇದ್ದರೆ ಫ್ಲೈವೀಲಿನ ಸಣ್ಣ ಕೀಲಿ ಮುರಿದು ಇಂಜಿನ್ ನಿಲ್ಲುತ್ತದೆ, ಇಲ್ಲದಿದ್ದರೆ ಶಾಫ್ಟೇ ಬಾಗುತ್ತದೆ. ಬಾಗಿದ ಶಾಫ್ಟು ಹಾಕಿಸುವ ದುಡ್ಡಿಗೆ ಇನ್ನೊಂದು ಹಳೇ ಮಷಿನ್ನೇ ಬರುತ್ತದೆ. ಶಾಲೆ ಆವರಣ, ಕಲ್ಲು ಆರಿಸಿದ ಮಾವಿನ ತೋಪು ಇದ್ದವರು ಇಟ್ಟುಕೊಳ್ಳಲಿ. ಅದರ ಬ್ಲೇಡು ಬಿಚ್ಚಲು ಮಗುಚುವಾಗ ಏರ್ ಫಿಲ್ಟರ್ ಇರುವ ಮಗ್ಗುಲು ಮೇಲೆ ಬರಬೇಕು. ಇಲ್ಲದಿದ್ದರೆ ಎಣ್ಣೆ ಫಿಲ್ಟರಿಗೆ ಇಳಿದು ಮಾರನೇ ದಿನ ಸ್ಟಾರ್ಟೇ ಆಗುವುದಿಲ್ಲ. ಮಸೆಯುವ, ತೂಕ ನೋಡುವ ಕ್ರಮ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಮುಂದೆ ಹೇಳುವುದೆಲ್ಲ ಭುಜದ ಮಷಿನ್ನಿನ ಮಾತು.

ಕೊಳ್ಳುವ ಮುಂಚೆ

ಮೊದಲು ಇಂಜಿನ್ ನಿಲ್ಲಿಸಿ, ಪ್ಲಗ್ಗಿನ ಟೋಪಿ ಕಿತ್ತು ಪಕ್ಕಕ್ಕೆ ಇಡಿ. ಬ್ಲೇಡಿಗೆ ಕೈ ಹಾಕುವ ಯಾವ ಕೆಲಸಕ್ಕೂ ಇದು ಮೊದಲು. ಆಮೇಲೆ ದಪ್ಪ ಬಟ್ಟೆ ಸುತ್ತಿದ ಕೈಯಲ್ಲಿ ಬ್ಲೇಡಿನ ಎರಡು ಅಂಚು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಟಕ್ ಟಕ್ ಅಂತ ಆಡಿದರೆ ಗೇರ್ ತಲೆಯ ಬೇರಿಂಗು ಸವೆದಿದೆ. ಬೆಲೆ ಮಾತಾಡುವಾಗ ಅದನ್ನು ಹಿಡಿದುಕೊಳ್ಳಿ.

ನಂತರ ಬ್ಲೇಡನ್ನು ಬಿಚ್ಚಲೇಬೇಕು. ಮಾರುವವನು "ಬಿಚ್ಚೋದು ಯಾಕೆ, ಓಡ್ತಾ ಇದೆಯಲ್ಲ" ಅಂದರೆ ಇನ್ನೂ ಜೋರಾಗಿ ಬಿಚ್ಚಿ. ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಬ್ಲೇಡಿನ ನಟ್ಟು ಎಡಮರೆ. ನಾವು ದಿನಾ ಬಿಚ್ಚುವ ನಟ್ಟಿನ ಹಾಗಲ್ಲ. ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ, ವಿರುದ್ಧ ತಿರುಗಿಸಿದರೆ ಬಿಗಿಯಾಗುತ್ತದೆ. ಬ್ಲೇಡು ಹುಲ್ಲಿಗೆ ತಾಗಿ ಹಿಂದೆ ಜಗ್ಗುವಾಗ ನಟ್ಟು ಸಡಿಲವಾಗದೆ ಇನ್ನಷ್ಟು ಬಿಗಿಯಾಗಲಿ ಅಂತ ಹಾಗೆ ಮಾಡಿದ್ದಾರೆ. ಇದು ತಿಳಿಯದೆ ಪಾನಾಕ್ಕೆ ಕೊಳವೆ ಸಿಕ್ಕಿಸಿ ಜಗ್ಗಿ ಮರೆಯನ್ನೇ ತಿಂದು ಹಾಕಿದ ಎರಡು ಮಷಿನ್ನು ಕಂಡಿದ್ದೇನೆ. ಗೇರ್ ತಲೆಯ ಪಕ್ಕ ಒಂದು ತೂತು ಇರುತ್ತದೆ. ಮೇಲಿನ ವಾಷರಿನ ತೂತನ್ನು ಅದಕ್ಕೆ ಸರಿಯಾಗಿ ತಂದು ಆಲೆನ್ ಕೀ ತೂರಿಸಿದರೆ ಶಾಫ್ಟು ತಿರುಗದೆ ನಿಲ್ಲುತ್ತದೆ. ಆಮೇಲೆ ಪಾನಾ ಹಾಕಿ.

ಬಿಚ್ಚಿದ ಮೇಲೆ ನಾನು ಮೊದಲು ನೋಡುವುದು ಬ್ಲೇಡಿನ ನಡುವಿನ ತೂತು. ಸಾಮಾನ್ಯವಾಗಿ ಅದು 1 ಇಂಚು, ಅಂದರೆ 25.4 ಮಿ.ಮೀ. ಕೆಲವು ಮಷಿನ್ನಿಗೆ 20 ಮಿ.ಮೀ. ಮೇಲಿನ ವಾಷರಿನಲ್ಲಿ ಒಂದು ಸಣ್ಣ ಮೆಟ್ಟಿಲು ಇರುತ್ತದೆ. ಬ್ಲೇಡಿನ ತೂತು ಆ ಮೆಟ್ಟಿಲ ಮೇಲೆ ಬಳೆ ಕೂತ ಹಾಗೆ ಸರಿಯಾಗಿ ಕೂರಬೇಕು. ಒಂದು ಮಷಿನ್ನಿನಲ್ಲಿ 20ರ ಮೆಟ್ಟಿಲಿಗೆ 1 ಇಂಚಿನ ಬ್ಲೇಡು ಹಾಕಿ, ಸಂದಿಗೆ ಡಬ್ಬದ ತಗಡು ಸುತ್ತಿದ್ದರು. ಇಂಜಿನ್ ಮಾತ್ರ ಮೊದಲ ಎಳೆತಕ್ಕೇ ಸ್ಟಾರ್ಟು! ನಾವು ಅದನ್ನು ಅಲ್ಲೇ ಬಿಟ್ಟು ಬಂದೆವು. ನಡುವೆ ಕೂರದ ಬ್ಲೇಡು ಒಂದು ಕಡೆ ಭಾರವಾಗಿ ತಿರುಗುತ್ತದೆ, ಬೇರಿಂಗನ್ನು ತಿನ್ನುತ್ತದೆ, ನಟ್ಟು ಸಡಿಲಿಸುತ್ತದೆ.

ಕೆಳಗಿನ ವಾಷರು, ಅದರ ಕೆಳಗಿನ ಬಟ್ಟಲು, ನಟ್ಟು ಈ ಮೂರೂ ಇರಬೇಕು. ನಟ್ಟಿನ ಒಳಗೆ ನೈಲಾನ್ ಬಳೆ ಇರುವಂಥದ್ದಾದರೆ ಅದನ್ನು ಬೆರಳಲ್ಲೇ ಕೊನೆತನಕ ತಿರುಗಿಸಿ ನೋಡಿ. ಸರಾಗವಾಗಿ ಹೋದರೆ ಅದರ ಹಿಡಿತ ಮುಗಿದಿದೆ. ಹೊಸ ನಟ್ಟು ಹಾಕಿಸಿ, ಬೆಲೆ ಏನೂ ಇಲ್ಲ. ಸೀಳು ಪಿನ್ನು ಹಾಕುವ ಮಷಿನ್ನಾದರೆ ಪ್ರತಿ ಸಲವೂ ಹೊಸ ಪಿನ್ನು. ತಂತಿ ತುಂಡು ಸಿಕ್ಕಿಸಬೇಡಿ. ಕೊನೆಗೆ ಗಾರ್ಡು. ಹಳೇ ಮಷಿನ್ನಿನಲ್ಲಿ ಅರ್ಧಕ್ಕರ್ಧ ಗಾರ್ಡೇ ಇರುವುದಿಲ್ಲ, "ಹುಲ್ಲು ಸಿಕ್ಕಿಕೊಳ್ಳುತ್ತೆ" ಅಂತ ಬಿಚ್ಚಿ ಎಸೆದಿರುತ್ತಾರೆ. ಅದಿಲ್ಲದ ಮಷಿನ್ನು ಕೊಂಡರೆ ಗಾರ್ಡಿನ ದುಡ್ಡು ಮುರಿದುಕೊಂಡು ಕೊಡಿ.

ಸೀಳು ಕಂಡುಹಿಡಿಯುವುದು

10 ಇಂಚಿನ ಬ್ಲೇಡಿನ ಸುತ್ತಳತೆ ಸುಮಾರು 80 ಸೆಂಟಿಮೀಟರ್. ಅದು ನಿಮಿಷಕ್ಕೆ 7,000 ಸುತ್ತು ತಿರುಗಿದರೆ ಹಲ್ಲಿನ ತುದಿ ನಿಮಿಷಕ್ಕೆ 5,600 ಮೀಟರ್ ಓಡಿದಂತೆ. ಗಂಟೆಗೆ 336 ಕಿಲೋಮೀಟರ್. ಅಷ್ಟು ಜೋರಲ್ಲಿ ಒಂದು ಉಗುರಿನಷ್ಟು ತುಂಡು ಕಿತ್ತು ಹಾರಿದರೂ ಏನಾಗುತ್ತದೆ ಅಂತ ಯೋಚಿಸಿ. ಬ್ಲೇಡಿನ ಮೇಲೆ ಎಷ್ಟು ಸುತ್ತಿನವರೆಗೆ ತಡೆಯುತ್ತದೆ ಅಂತ ಅಚ್ಚು ಹಾಕಿರುತ್ತಾರೆ. ಆ ಅಂಕಿ ನಿಮ್ಮ ಮಷಿನ್ನಿನ ಸುತ್ತಿಗಿಂತ ಹೆಚ್ಚಿರಬೇಕು. ಅಚ್ಚೇ ಇಲ್ಲದ ಬ್ಲೇಡು ಸಂತೆಯಲ್ಲಿ ಸಿಕ್ಕರೆ ಕೊಳ್ಳಬೇಡಿ.

ಸೀಳು ಬರುವುದು ಎರಡು ಜಾಗದಲ್ಲಿ, ಹಲ್ಲಿನ ಬುಡದ ಮೂಲೆಯಲ್ಲಿ ಮತ್ತು ನಡುತೂತಿನ ಅಂಚಿನಲ್ಲಿ. ಕೂದಲೆಳೆಯಷ್ಟು ಇರುತ್ತದೆ, ಹುಲ್ಲಿನ ರಸ ಒಣಗಿ ಮುಚ್ಚಿರುತ್ತದೆ, ಬರಿಗಣ್ಣಿಗೆ ಕಾಣುವುದಿಲ್ಲ. ಇದಕ್ಕೆ ಗ್ಯಾರೇಜಿನವರ ಒಂದು ಹಳೇ ಉಪಾಯ ಇದೆ. ಬ್ಲೇಡನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೊಳೆದು ಒಣಗಿಸಿ, ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಚೆನ್ನಾಗಿ ಸವರಿ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಒಣಬಟ್ಟೆಯಲ್ಲಿ ಪೂರಾ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ ಇಡಿ. ಸೀಳು ಇದ್ದರೆ ಒಳಗೆ ಹೊಕ್ಕ ಎಣ್ಣೆ ಮೇಲಕ್ಕೆ ಜಿನುಗಿ ಬಿಳಿ ಪುಡಿಯಲ್ಲಿ ಕಪ್ಪು ಗೆರೆ ಎಳೆಯುತ್ತದೆ. ಸೀಮೆಸುಣ್ಣ ಇಲ್ಲದಿದ್ದರೆ ವಿಭೂತಿಯಾದರೂ ನಡೆಯುತ್ತದೆ. ಇನ್ನೊಂದು, ಬ್ಲೇಡನ್ನು ದಾರದಲ್ಲಿ ತೂಗುಬಿಟ್ಟು ಪಾನಾದಿಂದ ಮೆಲ್ಲಗೆ ಬಡಿಯಿರಿ. ಒಳ್ಳೇದಾದರೆ ಜಾಗಟೆಯ ಹಾಗೆ ನಾದ ಎಳೆಯುತ್ತದೆ. ಸೀಳಿದ್ದು ಒಡೆದ ಗಡಿಗೆಯ ಹಾಗೆ ಡಬ್ ಅನ್ನುತ್ತದೆ. ಮಡಕೆ ಕೊಳ್ಳುವಾಗ ನಮ್ಮ ಹೆಂಗಸರು ಮಾಡುವ ಪರೀಕ್ಷೆಯೇ ಇದು. ನಾದ ಸರಿ ಇದ್ದ ಮಾತ್ರಕ್ಕೆ ಸೀಮೆಸುಣ್ಣದ ಪರೀಕ್ಷೆ ಬಿಡಬೇಡಿ, ಸಣ್ಣ ಸೀಳು ನಾದಕ್ಕೆ ಸಿಕ್ಕುವುದಿಲ್ಲ.

ಸೀಳು ಕಂಡರೆ ಆ ಬ್ಲೇಡಿನ ಆಯಸ್ಸು ಮುಗಿಯಿತು. ವೆಲ್ಡಿಂಗ್ ಮಾಡಿಸುವ ಮಾತೇ ಬೇಡ. ಪಕ್ಕದ ಊರಿನಲ್ಲಿ ಎರಡು ವರ್ಷದ ಹಿಂದೆ ಹೀಗೇ ಆಯಿತು. ಹೊಸ ಬ್ಲೇಡಿಗೆ ಪೇಟೆಗೆ ಹೋಗಬೇಕು, ಒಂದು ದಿನದ ಕೆಲಸ ಹಾಳು ಅಂತ ಹಲ್ಲಿನ ಬುಡಕ್ಕೆ ವೆಲ್ಡಿಂಗ್ ಮಾಡಿಸಿಕೊಂಡು ಬಂದಿದ್ದರು. ಮಾರನೇ ದಿನ ಬದುವಿನ ಕಲ್ಲಿಗೆ ತಾಗಿ ಅದೇ ಹಲ್ಲು ಹಾರಿತು. ಮಷಿನ್ನು ಹಿಡಿದ ತಮ್ಮನಿಗೆ ಏನೂ ಆಗಲಿಲ್ಲ. ಆರು ಮಾರು ದೂರದಲ್ಲಿ ಹುಲ್ಲು ಒಟ್ಟು ಮಾಡುತ್ತಿದ್ದ ಅಣ್ಣನ ಮೀನಖಂಡಕ್ಕೆ ಹೊಕ್ಕಿತು. ನಾವು ಪಂಚೆ ಹರಿದು ಕಟ್ಟಿ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋದೆವು. ಕಾಲು ಉಳಿಯಿತು, ಆದರೆ ಆ ವರ್ಷ ಅವನು ಮತ್ತೆ ಹೊಲಕ್ಕೆ ಇಳಿಯಲಿಲ್ಲ. ರಾಗಿ ಕೊಯ್ಲಿಗೆ ಸಾಲ ಮಾಡಿ ಆಳು ಇಟ್ಟರು. ಬ್ಲೇಡಿನ ಉಕ್ಕು ಒಂದು ಹದಕ್ಕೆ ಬಂದಿರುತ್ತದೆ. ವೆಲ್ಡಿಂಗಿನ ಬಿಸಿಗೆ ಬೆಸುಗೆಯ ಅಕ್ಕಪಕ್ಕ ಆ ಹದ ಕೆಡುತ್ತದೆ. ಮೇಲೆ ಗಟ್ಟಿ ಕಂಡರೂ ಅಲ್ಲೇ ಮುರಿಯುತ್ತದೆ. ಮಷಿನ್ನು ಓಡುವಾಗ 15 ಮೀಟರ್, ನಮ್ಮ ಲೆಕ್ಕದಲ್ಲಿ ಎಂಟು ಮಾರಿನ ಒಳಗೆ ಯಾರೂ ಇರಬಾರದು ಅಂತ ಕಂಪನಿಗಳ ಪುಸ್ತಕದಲ್ಲೇ ಬರೆದಿರುತ್ತದೆ. ಮೇವು ಆಯುವವರು, ಮಕ್ಕಳು, ಕರು ಎಲ್ಲ ಸೇರಿ.

ಮಸೆಯುವುದು

ಬ್ಲೇಡು ಮೊಂಡಾಗಿದೆ ಅಂತ ಹುಲ್ಲೇ ಹೇಳುತ್ತದೆ. ಕೊಯ್ದ ತುದಿ ಚೊಕ್ಕಟವಾಗಿರದೆ ನಾರು ನಾರಾಗಿ ಹರಿದಿರುತ್ತದೆ. ಗೇರ್ ತಲೆಗೆ ಹುಲ್ಲು ಸುತ್ತಿಕೊಳ್ಳುತ್ತದೆ. ಇಂಜಿನ್ ನರಳುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ, ರಾತ್ರಿ ಮಲಗಿದರೆ ಕೈ ಜೋಮು ಹಿಡಿದಿರುತ್ತದೆ. ಇಂಜಿನ್ನಿನಲ್ಲಿ ಶಕ್ತಿ ಇಲ್ಲ ಅಂತ ಮೆಕ್ಯಾನಿಕ್ಕಿನ ಹತ್ತಿರ ಹೋಗುವ ಮುಂಚೆ ಬ್ಲೇಡು ಮಸೆದು ನೋಡಿ.

ನಮ್ಮಲ್ಲಿ ಗುಳ ಆಗಲಿ ಕುಡ್ಲು ಆಗಲಿ ಮೊಂಡಾದರೆ ಕುಲುಮೆಗೆ ಒಯ್ದು ತಟ್ಟಿಸುವುದು ರೂಢಿ. ಒಬ್ಬರು ಈ ಬ್ಲೇಡನ್ನೂ ಒಯ್ದಿದ್ದರು, ನಾನು ಅಲ್ಲೇ ಕೂತಿದ್ದೆ. ಆಚಾರ್ರು ತಿರುಗಿಸಿ ನೋಡಿ ವಾಪಸ್ಸು ಕೊಟ್ಟರು. "ಯಜಮಾನ್ರೇ, ಕುಡ್ಲು ಕೈಯಲ್ಲಿ ಆಡೋದು, ಇದು ಗಾಳೀಲಿ ಆಡೋದು. ಬೆಂಕಿಗೆ ಇಟ್ರೆ ಇದರ ಹದ ನನ್ನ ಕೈಗೆ ಬರಲ್ಲ. ಅರ ತಗೊಂಡು ಉಜ್ಜಿಕೊಳ್ಳಿ" ಅಂದರು. ದುಡ್ಡು ಬರುವ ಕೆಲಸವನ್ನು ಬೇಡ ಅಂದ ಕೈಗಾರ ಅವರು. ಅವರ ಮಾತು ನೂರಕ್ಕೆ ನೂರು ಸರಿ. ಗ್ರೈಂಡಿಂಗ್ ಮಷಿನ್ನಿಗೆ ಒತ್ತಿ ಹಿಡಿದರೂ ಇದೇ ಕಥೆ. ಅಂಚು ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಹದ ಹೋಯಿತು, ಆ ಅಂಚು ಮುಂದೆ ಅರ್ಧ ಗಂಟೆಗೇ ಮೊಂಡು. ಗ್ರೈಂಡರು ಹಿಡಿಯಲೇಬೇಕಾದರೆ ಮುಟ್ಟಿಸಿ ಬಿಟ್ಟು, ಮುಟ್ಟಿಸಿ ಬಿಟ್ಟು, ಕೈಗೆ ತಾಳುವಷ್ಟು ಬಿಸಿಯಲ್ಲೇ ಮುಗಿಸಿ. ಕತ್ತರಿಸುವ ತೆಳು ಚಕ್ರದ ಮಗ್ಗುಲಿನಲ್ಲಿ ಮಸೆಯಬೇಡಿ, ಆ ಚಕ್ರವೇ ಒಡೆದು ಮುಖಕ್ಕೆ ಬರುತ್ತದೆ.

ನಾನು ಬಳಸುವುದು ಒಂದು ಚಪ್ಪಟೆ ಅರ, ಒಂದು ದುಂಡನೆ ಅರ. ಬ್ಲೇಡನ್ನು ವೈಸಿನಲ್ಲಿ ಕಚ್ಚಿಸಿ, ವೈಸು ಇಲ್ಲದಿದ್ದರೆ ಎರಡು ಹಲಗೆ ನಡುವೆ ಬಿಗಿದು, ಹೊಸದರಲ್ಲಿ ಇದ್ದ ಇಳಿಜಾರಿನಲ್ಲೇ ಅರವನ್ನು ಮುಂದಕ್ಕೆ ಮಾತ್ರ ತಳ್ಳುತ್ತೇನೆ. ಹಿಂದಕ್ಕೆ ಎಳೆಯುವಾಗ ಎತ್ತಬೇಕು, ಇಲ್ಲದಿದ್ದರೆ ಅರದ ಹಲ್ಲು ಹೋಗುತ್ತದೆ. ಕ್ಷೌರದ ಕತ್ತಿಯ ಹಾಗೆ ತೆಳ್ಳಗೆ ಮಾಡಲು ಹೋಗಬಾರದು, ಮೊದಲ ಕಲ್ಲಿಗೇ ಮಡಚಿಕೊಳ್ಳುತ್ತದೆ. ಮುಖ್ಯವಾದದ್ದು ಲೆಕ್ಕ. ಒಂದು ಹಲ್ಲಿಗೆ ಹತ್ತು ಸಲ ಉಜ್ಜಿದರೆ ಉಳಿದ ಎರಡಕ್ಕೂ ಹತ್ತೇ. ಒಂದು ಹಲ್ಲು ಕಲ್ಲಿಗೆ ಬಡಿದು ಕಚ್ಚು ಬಿದ್ದಿದ್ದರೆ ಅದೊಂದನ್ನೇ ಉಜ್ಜಿ ಸರಿ ಮಾಡಬೇಡಿ, ಮೂರನ್ನೂ ಅದರ ಮಟ್ಟಕ್ಕೆ ಇಳಿಸಬೇಕು. ಹಲ್ಲಿನ ಬುಡದ ಮೂಲೆ ಹೊಸದರಲ್ಲಿ ದುಂಡಗಿರುತ್ತದೆ. ಚಪ್ಪಟೆ ಅರ ತಾಗಿ ಅಲ್ಲಿ ಚೂಪು ಮೂಲೆ ಬಿದ್ದರೆ ಸೀಳು ಶುರುವಾಗುವುದು ಅಲ್ಲಿಂದಲೇ. ಅದಕ್ಕೇ ದುಂಡನೆ ಅರ.

ಮೂರು ಹಲ್ಲಿನ ಬ್ಲೇಡಿನಲ್ಲಿ ಹಲವಕ್ಕೆ ಎರಡೂ ಕಡೆ ಬಾಯಿ ಇರುತ್ತದೆ. ಒಂದು ಕಡೆ ಮೊಂಡಾದರೆ ಮಗುಚಿ ಹಾಕಿದರಾಯಿತು. ಇದು ಗೊತ್ತಿಲ್ಲದೆ ಅರ್ಧ ಆಯಸ್ಸಿನ ಬ್ಲೇಡನ್ನು ಗುಜರಿಗೆ ಹಾಕಿದವರು ಇದ್ದಾರೆ.

ಹೊಸ ಬ್ಲೇಡು ತಂದ ದಿನವೇ ಅದನ್ನು ರಟ್ಟಿನ ಮೇಲೆ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ಕತ್ತರಿಸಿ ಇಟ್ಟುಕೊಳ್ಳಿ. ಪ್ರತಿ ಸಲ ಮಸೆದ ಮೇಲೆ ಹಳೇದನ್ನು ಆ ರಟ್ಟಿನ ಮೇಲೆ ಇಟ್ಟರೆ ಯಾವ ಹಲ್ಲು ಎಷ್ಟು ಸವೆದಿದೆ ಅಂತ ಕಣ್ಣಿಗೇ ಕಾಣುತ್ತದೆ. ಹಲ್ಲಿನ ಅಗಲ ಕಾಲು ಭಾಗ ಸವೆದರೆ ನಾನು ಬ್ಲೇಡು ಬದಲಿಸುತ್ತೇನೆ. ತೂಕ ನೋಡಲು ಗೋಡೆಗೆ ಒಂದು ನಯವಾದ ಮೊಳೆ ಅಡ್ಡಕ್ಕೆ ಹೊಡೆದು ನಡುತೂತಿನಲ್ಲಿ ತೂಗುಹಾಕಿ. ಹಲ್ಲಿಗೆ ಒಂದು, ಎರಡು, ಮೂರು ಅಂತ ಗುರುತು ಮಾಡಿ, ಒಂದೊಂದನ್ನೇ ಕೆಳಕ್ಕೆ ತಿರುಗಿಸಿ ಬಿಡಿ. ಯಾವಾಗಲೂ ಒಂದೇ ಹಲ್ಲು ಕೆಳಗೆ ಬಂದು ನಿಂತರೆ ಅದು ಭಾರ. ಅದರ ತುದಿಯಲ್ಲಿ ಎರಡು ಉಜ್ಜು ಉಜ್ಜಿ ಮತ್ತೆ ತೂಗಿ. ಚಪ್ಪಟೆಯಾಗಿದೆಯೇ ಅಂತ ನೋಡಲು ಮನೆಯ ನಯವಾದ ಕಲ್ಲುನೆಲದ ಮೇಲೆ ಇಟ್ಟು ಅಂಚು ಒತ್ತಿ. ಕುರ್ಚಿಯ ಕಾಲು ಕುಂಟಿದ ಹಾಗೆ ಆಡಿದರೆ ಬಾಗಿದೆ. ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಿದ ಬ್ಲೇಡು ಮತ್ತೆ ಹಾಕುವಂಥದ್ದಲ್ಲ.

ಯಾವ ಬ್ಲೇಡು ತರಬೇಕು

ಅಂಗಡಿಗೆ ಹೋದರೆ ಹಲ್ಲು ಹೆಚ್ಚಿದ್ದಷ್ಟೂ ಒಳ್ಳೇದು ಅಂತ 40 ಹಲ್ಲು, 80 ಹಲ್ಲಿನದು, ತುದಿಗೆ ಕಾರ್ಬೈಡ್ ಕೂರಿಸಿದ್ದು ತೋರಿಸುತ್ತಾರೆ. ಮಲೆನಾಡಿನ ತೋಟದಲ್ಲಿ ಮೆತ್ತನೆ ಮಣ್ಣು, ಅಲ್ಲಿ ಅದು ನಡೆಯಬಹುದು. ನಮ್ಮ ಗರಸು ನೆಲದಲ್ಲಿ ಕಾರ್ಬೈಡ್ ಹಲ್ಲು ಕಲ್ಲಿಗೆ ತಾಗಿ ಚಕ್ಕೆ ಏಳುತ್ತದೆ, ಹಾರುತ್ತದೆ. ಮಾಮೂಲಿ ಅರದಲ್ಲಿ ಅದನ್ನು ಮಸೆಯಲೂ ಆಗುವುದಿಲ್ಲ. ಬಂದರಿಕೆ, ತಂಗಡಿ, ಲಾಂಟಾನದಂಥ ಕಟ್ಟಿಗೆ ಗಿಡ ಕತ್ತರಿಸುವ ದಿನಕ್ಕೆ ಒಂದು ಇರಲಿ, ಅದೂ ಕಲ್ಲಿಲ್ಲದ ಜಾಗದಲ್ಲಿ. ಉಳಿದಂತೆ ನಮಗೆ ಸಾದಾ ಮೂರು ಹಲ್ಲಿನದೇ ಸರಿ. ಕಳೆದ ಸಲ ನಾನು ಕೊಂಡದ್ದು 280 ರೂಪಾಯಿ. ಕಲ್ಲು ಬಹಳ ಇರುವ ಬದುವಿಗೆ, ಕಟ್ಟೆ ಪಕ್ಕಕ್ಕೆ ನೈಲಾನ್ ದಾರದ ತಲೆ ಹಾಕಿ. ಮೆತ್ತನೆ ಹುಲ್ಲು, ಕಾಂಗ್ರೆಸ್ ಗಿಡ ಎಳೆಯದಿದ್ದಾಗ ಅದರಲ್ಲೇ ಹೋಗುತ್ತದೆ. ಕಾಂಗ್ರೆಸ್ ಗಿಡ ಹೂ ಬಿಟ್ಟ ಮೇಲೆ ಮಷಿನ್ನಿನಲ್ಲಿ ಹೊಡೆಯಬೇಡಿ, ಪುಡಿ ಎಲ್ಲ ಮೈಗೆ ಮೂಗಿಗೆ ಬಂದು ಒಂದು ವಾರ ಕೆರೆದುಕೊಳ್ಳಬೇಕು.

ದಾರ ಬೇಗ ಸವೆಯುತ್ತದೆ ಅಂತ ಕೆಲವರು ಅದರ ಬದಲು ಸೈಕಲ್ ಬ್ರೇಕಿನ ತಂತಿ, ಕಟ್ಟುವ ತಂತಿ ಹಾಕುತ್ತಾರೆ. ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ತುಂಡಾದ ತಂತಿ ಬಂದೂಕಿನ ಗುಂಡಿನ ಹಾಗೆ ಹೋಗುತ್ತದೆ. ಸರಪಳಿ ತುಂಡು ಜೋಡಿಸಿದ ತಲೆಗಳೂ ಪೇಟೆಯಲ್ಲಿ ಸಿಗುತ್ತವೆ. ಅಂಥವನ್ನು ಮಾರಬಾರದು ಅಂತ ಯುರೋಪಿನ ಒಕ್ಕೂಟ 2012ರಲ್ಲೇ ನಿಷೇಧ ಹಾಕಿದೆ.

ಬ್ಲೇಡು ತಿರುಗುವುದು ಮೇಲಿಂದ ನೋಡಿದರೆ ಬಲದಿಂದ ಎಡಕ್ಕೆ. ಹಾಗಾಗಿ ಕೊಯ್ಯುವ ಬೀಸು ಬಲದಿಂದ ಎಡಕ್ಕೇ ಇರಲಿ. ಕೊಯ್ದ ಹುಲ್ಲು ಎಡಕ್ಕೆ, ಆಗಲೇ ಕೊಯ್ದ ಜಾಗಕ್ಕೆ ಸಾಲಾಗಿ ಬೀಳುತ್ತದೆ, ಕಟ್ಟು ಕಟ್ಟಲೂ ಸುಲಭ. ಬ್ಲೇಡಿನ ಬಲಮುಂದಿನ ಅಂಚು ಬೊಡ್ಡೆಗೆ, ಕಲ್ಲಿಗೆ ತಾಗಿದರೆ ಮಷಿನ್ನು ಒಮ್ಮೆಗೇ ಜಾಡಿಸುತ್ತದೆ. ಹಾಗೆ ಜಾಡಿಸಿದ ಪ್ರತಿ ಸಲವೂ ನಿಲ್ಲಿಸಿ, ಪ್ಲಗ್ಗಿನ ಟೋಪಿ ಕಿತ್ತು, ಬ್ಲೇಡು ನೋಡಿಯೇ ಮುಂದೆ ಹೋಗಬೇಕು. ನಾನು ಹೊಲಕ್ಕೆ ಇಳಿಯುವ ಮುಂಚೆ ಬದುವಿನ ಉದ್ದಕ್ಕೂ ಕೋಲು ಹಿಡಿದು ಒಂದು ಸಲ ನಡೆದು, ಕಂಡ ಕಲ್ಲನ್ನು ಬದುವಿನ ಬುಡಕ್ಕೆ ಒಟ್ಟುತ್ತೇನೆ. ಮುರಿದ ಬೇಲಿತಂತಿ ಕಂಡರೆ ಎತ್ತಿ ಹಾಕುತ್ತೇನೆ. ಅರ್ಧ ಗಂಟೆಯ ಕೆಲಸ. ಎರಡು ಮೂರು ವರ್ಷದಲ್ಲಿ ಬದುವೂ ಚೊಕ್ಕಟವಾಯಿತು, ಬ್ಲೇಡು ಬಾಳುವುದೂ ಹೆಚ್ಚಾಯಿತು.

ಒಂದು ಟ್ಯಾಂಕು ಪೆಟ್ರೋಲು ಮುಗಿದಾಗ ಇಂಜಿನ್ ಆರುವ ತನಕ ಹೇಗೂ ಕಾಯಬೇಕು, ಬಿಸಿ ಇಂಜಿನ್ನಿಗೆ ಪೆಟ್ರೋಲು ಹಾಕಬಾರದು. ಆ ಹೊತ್ತಿನಲ್ಲಿ ನಟ್ಟು ಬಿಗಿ ಇದೆಯೇ ನೋಡಿ, ಪ್ರತಿ ಹಲ್ಲಿಗೆ ಮೂರು ನಾಲ್ಕು ಉಜ್ಜು ಹಾಕಿ, ಬೀಡಿ ಹಚ್ಚುವವರು ದೂರ ಹೋಗಿ ಹಚ್ಚಿ. ಹೀಗೆ ಆಗಾಗ ಸವರುತ್ತಿದ್ದರೆ ದೊಡ್ಡ ಮಸೆತ ಬೇಕಾಗುವುದೇ ಕಡಿಮೆ. ಸುಮಾರು 25 ಗಂಟೆ ಓಡಿದ ಮೇಲೆ ಗೇರ್ ತಲೆಯ ಪಕ್ಕದ ಬೋಲ್ಟು ಬಿಚ್ಚಿ ಗ್ರೀಸು ನೋಡಿ. ಕಡಿಮೆ ಇದ್ದರೆ ಸ್ವಲ್ಪ ತುಂಬಿ, ಗಂಟಲ ತನಕ ತುರುಕಬೇಡಿ, ಬಿಸಿಯಾಗುತ್ತದೆ. ಹಂಗಾಮು ಮುಗಿದ ಮೇಲೆ ಬ್ಲೇಡು ಬಿಚ್ಚಿ, ಅಂಟಿದ ರಸ ಉಜ್ಜಿ, ಹಳೇ ಇಂಜಿನ್ ಆಯಿಲ್ ಸವರಿ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಮೊಳೆಗೆ ನೇತುಹಾಕಿ. ಮಷಿನ್ನಿನಲ್ಲೇ ಬಿಟ್ಟರೆ ವಾಷರಿನ ಸಂದಿಯಲ್ಲಿ ತುಕ್ಕು ಹಿಡಿದು ಮುಂದಿನ ಮಳೆಗಾಲಕ್ಕೆ ಬಿಚ್ಚಲು ಬರುವುದಿಲ್ಲ.

ಆಯಸ್ಸು ಮುಗಿದ ಬ್ಲೇಡನ್ನು ನಾನು ಗುಜರಿಗೆ ಕೊಡುವುದಿಲ್ಲ, ಇನ್ನೊಬ್ಬ ಅದನ್ನೇ ಹತ್ತಿಪ್ಪತ್ತು ರೂಪಾಯಿಗೆ ಕೊಂಡು ಮಷಿನ್ನಿಗೆ ಹಾಕಿಕೊಂಡಾನು ಅಂತ. ಅದೇ ಆಚಾರ್ರ ಕುಲುಮೆಗೆ ಒಯ್ಯುತ್ತೇನೆ. ಅವರು ಸೀಳಿನ ಜಾಗ ಕಡಿದು ಬಿಸಾಕಿ, ಉಳಿದದ್ದನ್ನು ಕಾಯಿಸಿ ತಟ್ಟಿ, ಕಳೆ ಹೆರೆಯುವ ವರವಾರಿ ಮಾಡಿಕೊಡುತ್ತಾರೆ. ಒಂದು ಬ್ಲೇಡಿಗೆ ಎರಡು ಬರುತ್ತದೆ. ಕಡ್ಲೆಕಾಯಿ ಸಾಲಿನಲ್ಲಿ ನಮ್ಮ ಹೆಂಗಸರು ಈಗ ಅದನ್ನೇ ಕೇಳಿ ತೆಗೆದುಕೊಳ್ಳುತ್ತಾರೆ.